ಎಲ್ಲರಿಗೂ ಬೇಕಾದ ಹುಡುಗ, ಯಾರ ಮಗನೂ ಅಲ್ಲ

ಪ್ರಶ್ನೆ: ರಾಬಿನ್ ಹಾಬ್ ಅವರ ಫಿಟ್ಜ್ ಕಥೆಯ ಮೊದಲ ಮೂರು ಪುಸ್ತಕ ಓದಿ ಮುಗಿಸಿದೆ. ಕಥೆ ಹಿಡಿಸಿತು, ಆದರೆ ನಾಯಕನ ಮೇಲೆ ಸಿಟ್ಟು ಬಂತು. ಬರಿಚ್, ಚೇಡ್, ಪೇಶನ್ಸ್, ವೆರಿಟಿ ಎಲ್ಲರೂ ಅವನಿಗಾಗಿ ಎಷ್ಟು ಮಾಡುತ್ತಾರೆ! ಆದರೂ ಇವನದು ಒಂದೇ ರಾಗ: ನಾನು ಯಾರಿಗೂ ಸೇರಿದವನಲ್ಲ, ನನಗೆ ಬೆಲೆಯಿಲ್ಲ. ಇದು ಬರವಣಿಗೆಯ ದೋಷವೇ? ನನ್ನ ತಂಗಿ 'ಇವನು ನಮ್ಮ ಕರ್ಣ ಕಣೇ' ಅಂತಾಳೆ. ಇನ್ನೊಂದು ವಿಷಯ. ನಾನೂ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕ ಅತ್ತೆಯ ಮನೆಯಲ್ಲಿ ಬೆಳೆದ ಅನಾಥ ಹುಡುಗ. ಓದಿದವರೆಲ್ಲ 'ಜಾಸ್ತಿ ಗೋಳಾಡ್ತಾನೆ' ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲ ಸಲ ಓದಿದಾಗ ನನಗೂ ಇದೇ ಸಿಟ್ಟು ಬಂದಿತ್ತು. ಮೂರನೇ ಪುಸ್ತಕದ ನಡುವೆ ಒಂದು ವಾರ ಮುಚ್ಚಿಟ್ಟಿದ್ದೆ. 'ಲೋ, ಆ ಬರಿಚ್ ಮುಖ ಒಂದ್ಸಲ ಸರಿಯಾಗಿ ನೋಡೋ' ಎಂದು ಪುಸ್ತಕಕ್ಕೇ ಹೇಳಬೇಕು ಅನ್ನಿಸಿತ್ತು. ಎರಡನೇ ಸಲ ಓದುವಾಗ ಒಂದು ವಿಷಯ ಹೊಳೆಯಿತು. ಬರಿಚ್‌ನ ಪ್ರೀತಿ ನನಗೆ ಕಾಣುತ್ತಿದೆ, ಸರಿ. ಆದರೆ ಅದನ್ನು ನನಗೆ ತೋರಿಸುತ್ತಿರುವವನು ಯಾರು? ಫಿಟ್ಜ್ ತಾನೇ? ಕಥೆ ಹೇಳುವವನು ಅವನೇ. ಅಂದರೆ ಅವನು ಎಲ್ಲವನ್ನೂ ನೋಡಿದ್ದಾನೆ, ಒಂದೂ ಬಿಡದೆ ಬರೆದಿಟ್ಟಿದ್ದಾನೆ. ಆದರೆ ಪ್ರೀತಿಯ ಲೆಕ್ಕಕ್ಕೆ ಹಿಡಿದಿಲ್ಲ. ಈ ಬಿರುಕಿನ ಮೇಲೆಯೇ ಇಡೀ ಕಾದಂಬರಿ ನಿಂತಿದೆ. ಹಾಗಾಗಿ ನಿಮ್ಮ ಸಿಟ್ಟು ಬರವಣಿಗೆ ಕೆಟ್ಟದ್ದರಿಂದ ಬಂದದ್ದಲ್ಲ. ಲೇಖಕಿ ಅದನ್ನು ಬೇಕೆಂದೇ ಬರಿಸಿದ್ದಾರೆ.

ಇನ್ನೂ ಓದದವರಿಗೆ ಎರಡು ಮಾತು. ರಾಬಿನ್ ಹಾಬ್ ಎನ್ನುವುದು ಮಾರ್ಗರೆಟ್ ಲಿಂಡ್‌ಹೋಮ್ ಆಗ್ಡೆನ್ ಎಂಬ ಅಮೆರಿಕದ ಲೇಖಕಿಯ ಕಾವ್ಯನಾಮ. ಮೊದಲ ಪುಸ್ತಕ 'ಅಸಾಸಿನ್ಸ್ ಅಪ್ರೆಂಟಿಸ್' 1995ರಲ್ಲಿ ಬಂತು, ಮುಂದಿನ ಎರಡು 1996 ಮತ್ತು 1997ರಲ್ಲಿ. ಫಿಟ್ಜ್ ಕಥೆ ಅಲ್ಲಿಗೂ ಮುಗಿಯದೆ ಒಟ್ಟು 9 ಪುಸ್ತಕಗಳಲ್ಲಿ ಹರಡಿಕೊಂಡು 2017ರವರೆಗೆ ನಡೆಯಿತು. ಕೆಳಗೆ ಮೊದಲ ಎರಡು ಪುಸ್ತಕಗಳ ಗುಟ್ಟು ಒಡೆಯುತ್ತೇನೆ. ಬೇಡದವರು ಇಲ್ಲೇ ನಿಲ್ಲಿಸಿ.

ಈಗ ಕಥೆಯ ಮೊದಲ ದೃಶ್ಯಕ್ಕೆ ಹೋಗೋಣ. ಆರು ವರ್ಷದ ಹುಡುಗ. ಅವನ ಅಜ್ಜ, ತಾಯಿಯ ಅಪ್ಪ, ಕೈ ಹಿಡಿದು ಎಳೆದುಕೊಂಡು ಸೈನ್ಯದ ಠಾಣ್ಯದ ಬಾಗಿಲಿಗೆ ಬರುತ್ತಾನೆ. ಕಾವಲಿನವನಿಗೆ ಅವನು ಹೇಳುವುದು ಇಷ್ಟೇ: ಇವನು ರಾಜಕುಮಾರ ಚಿವಲ್ರಿಗೆ ಹುಟ್ಟಿದವನು, ಆರು ವರ್ಷ ನಾನು ಅನ್ನ ಹಾಕಿದೆ, ಇನ್ನು ಅಪ್ಪನ ಕಡೆಯವರು ನೋಡಿಕೊಳ್ಳಲಿ. ಗಮನಿಸಿ, ಈ ಹುಡುಗನ ಬಗ್ಗೆ ಕಥೆಯಲ್ಲಿ ಬರುವ ಮೊದಲ ಮಾತೇ ಅನ್ನದ ಲೆಕ್ಕ. ಆಮೇಲೆ ಅವನನ್ನು ಕುದುರೆ ಲಾಯದ ಯಜಮಾನ ಬರಿಚ್‌ಗೆ ಒಪ್ಪಿಸುತ್ತಾರೆ. ಆ ರಾತ್ರಿ ಅವನು ಮಲಗುವುದು ಲಾಯದ ಹುಲ್ಲಿನಲ್ಲಿ, ಒಂದು ಹೆಣ್ಣು ನಾಯಿಯ ಮೈಬಿಸಿಯಲ್ಲಿ.

ಹೆಸರೇನು ಎಂದು ಕೇಳಿದರೆ ಅವನ ಹತ್ತಿರ ಉತ್ತರವಿಲ್ಲ. ಎಲ್ಲರೂ 'ಹುಡುಗ' ಅಂತಲೇ ಕರೆದದ್ದು. ಆ ರಾಜಮನೆತನದಲ್ಲಿ ಹೆಸರು ಅಂದರೆ ಸಣ್ಣ ವಿಷಯವಲ್ಲ. ಮಕ್ಕಳಿಗೆ ಗುಣಗಳ ಹೆಸರಿಡುತ್ತಾರೆ. ಚಿವಲ್ರಿಯ ತಮ್ಮನ ಹೆಸರು ವೆರಿಟಿ, ಅಂದರೆ ಸತ್ಯ, ಶ್ರೂಡ್ ಎಂದರೆ ಚಾಣಾಕ್ಷ, ಪೇಶನ್ಸ್ ಎಂದರೆ ತಾಳ್ಮೆ. ಕೂಸನ್ನು ಬೆಂಕಿ ದಾಟಿಸಿ, ಉಪ್ಪುನೀರಿನಲ್ಲಿ ಅದ್ದಿ, ಗಾಳಿಗೆ ಒಡ್ಡಿದರೆ ಆ ಗುಣ ಅಂಟಿಕೊಳ್ಳುತ್ತದೆ ಎಂಬ ನಂಬಿಕೆ. ಈ ಹುಡುಗನಿಗೆ ಬೆಂಕಿಯೂ ಇಲ್ಲ, ನೀರೂ ಇಲ್ಲ. ಕೊನೆಗೆ ಅಂಟಿಕೊಂಡ ಹೆಸರು ಫಿಟ್ಜ್. ನಾರ್ಮನ್ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ಈ ಮಾತಿಗೆ ಮೂಲದಲ್ಲಿ 'ಇಂಥವರ ಮಗ' ಎಂದಷ್ಟೇ ಅರ್ಥ. ಬರುಬರುತ್ತಾ ರಾಜರಿಗೆ ಮದುವೆಯ ಹೊರಗೆ ಹುಟ್ಟಿದ ಮಕ್ಕಳ ಗುರುತಾಯಿತು. ಇಂಗ್ಲೆಂಡಿನ ಎಂಟನೇ ಹೆನ್ರಿಗೂ ಅಂಥ ಮಗನೊಬ್ಬನಿದ್ದ, ಹೆನ್ರಿ ಫಿಟ್ಜ್‌ರಾಯ್. 1525ರಲ್ಲಿ, ಆರನೇ ವಯಸ್ಸಿಗೇ, ಅವನನ್ನು ಡ್ಯೂಕ್ ಮಾಡಿದರು. ಹಾಬ್ ಕಥೆಯ ಹುಡುಗನೂ ಆರು ವರ್ಷದವನೇ. ಅವನಿಗೆ ಸಿಕ್ಕಿದ್ದು ಲಾಯ.

ಇನ್ನೊಂದು ಹೊರೆಯೂ ಇದೆ. ಇವನ ಸುದ್ದಿ ಬಯಲಾದದ್ದೇ ತಡ, ಅಪ್ಪ ಚಿವಲ್ರಿ ಸಿಂಹಾಸನದ ಹಕ್ಕು ಬಿಟ್ಟು ಹೆಂಡತಿ ಪೇಶನ್ಸ್ ಜೊತೆ ದೂರ ಹೊರಟುಹೋಗುತ್ತಾನೆ. ಮಗನ ಮುಖ ನೋಡುವುದಿಲ್ಲ. ನೋಡದೆಯೇ ಸಾಯುತ್ತಾನೆ. ಜನ ಇವನನ್ನು ನೋಡಿ ಪಿಸುಗುಟ್ಟುತ್ತಾರೆ: ಎಂಥಾ ರಾಜ ಆಗಬೇಕಿದ್ದವನು, ಇವನಿಂದ ಹೋಯಿತು. ತಾನು ಹುಟ್ಟಿದ್ದೇ ಒಂದು ನಷ್ಟ ಎಂದು ಕೇಳುತ್ತಾ ಬೆಳೆದವನ ಹತ್ತಿರ ನಾವು ಆತ್ಮವಿಶ್ವಾಸ ನಿರೀಕ್ಷಿಸುತ್ತಿದ್ದೇವೆ.

ಇಷ್ಟಾದರೂ ನನ್ನ ಪ್ರಕಾರ ಇದು ಕಥೆಯ ದೊಡ್ಡ ಪೆಟ್ಟಲ್ಲ. ಅದು ಬೀಳುವುದು ಅರಮನೆಯ ಊಟದ ಹಜಾರದಲ್ಲಿ. ಒಂದು ಬೆಳಿಗ್ಗೆ, ಹಿಂದಿನ ರಾತ್ರಿಯ ಔತಣದಲ್ಲಿ ಉಳಿದದ್ದನ್ನು ಹುಡುಗ ತನ್ನ ನಾಯಿಮರಿ ನೋಸಿಯ ಜೊತೆ ಹೆಕ್ಕುತ್ತಿದ್ದಾನೆ. ರಾಜ ಶ್ರೂಡ್ ಬರುತ್ತಾನೆ. ಅವನು ಹುಡುಗನ ಸ್ವಂತ ಅಜ್ಜ, ಅಪ್ಪನ ಅಪ್ಪ. ಜೊತೆಗೆ ಕಿರಿಯ ಮಗ ರೀಗಲ್. ಶ್ರೂಡ್ ಹುಡುಗನನ್ನು ತಬ್ಬಿಕೊಳ್ಳುವುದಿಲ್ಲ, ಬೈಯುವುದೂ ಇಲ್ಲ. ಇಂಥ ಹುಡುಗ ಮನೆತನಕ್ಕೆ ಹೇಗೆಲ್ಲ ಉಪಯೋಗಕ್ಕೆ ಬರುತ್ತಾನೆ ಎಂದು ರೀಗಲ್‌ಗೆ ಪಾಠ ಹೇಳುತ್ತಾನೆ. ಆಮೇಲೆ ಹುಡುಗನ ಜೊತೆ ಒಪ್ಪಂದ ಕುದುರಿಸುತ್ತಾನೆ. ಊಟ, ಬಟ್ಟೆ, ವಿದ್ಯೆ ನಾನು ಕೊಡುತ್ತೇನೆ, ನೀನು ನನ್ನವನಾಗಿರಬೇಕು. ಯಾರಾದರೂ ಇದಕ್ಕಿಂತ ಜಾಸ್ತಿ ಕೊಡುತ್ತೇನೆ ಅಂದರೆ ಮೊದಲು ನನ್ನ ಹತ್ತಿರ ಬಾ, ಮಾತಾಡೋಣ. ಗುರುತಿಗೆ ತನ್ನ ಅಂಗಿಯಿಂದ ಕೆಂಪು ಹರಳಿನ ಬೆಳ್ಳಿ ಪಿನ್ನು ತೆಗೆದು ಹುಡುಗನ ಅಂಗಿಗೆ ಚುಚ್ಚುತ್ತಾನೆ.

ಆ ಗಳಿಗೆಯಲ್ಲಿ ಹುಡುಗನಿಗೆ ಆಗುವುದು ಸಂತೋಷವೇ. ಯಾಕಾಗಬಾರದು? ಮೊದಲ ಸಲ ಯಾರೋ 'ನೀನು ನಮಗೆ ಬೇಕು' ಎಂದಿದ್ದಾರೆ. ನಮ್ಮ ಭಾಷೆಯಲ್ಲಿ ಈ 'ಬೇಕು' ಎನ್ನುವ ಮಾತಿಗೆ ಎರಡು ಮುಖ ಇದೆ ಅಲ್ವಾ? 'ಅವರು ನಮಗೆ ಬೇಕಾದವರು' ಅಂದರೆ ಹತ್ತಿರದವರು, ಒಳಗಿನವರು. 'ಕೊಡಲಿ ಬೇಕು' ಅಂದರೆ ಕೆಲಸವಿದೆ ಅಂತ. ಮನೆಯಲ್ಲಿ ಬೆಳೆದ ಮಗುವಿಗೆ ಇವೆರಡರ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಕೆಲಸ ಮಾಡಿಕೊಡದಿದ್ದರೂ ತಾನು ಬೇಕಾದವನೇ ಎಂದು ಅದಕ್ಕೆ ಗೊತ್ತು. ಫಿಟ್ಜ್‌ಗೆ ಸಿಕ್ಕಿದ್ದು ಎರಡನೆಯದು ಮಾತ್ರ. ಅದನ್ನೇ ಮೊದಲನೆಯದು ಎಂದುಕೊಂಡು ಬೆಳೆದ. ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ ಇದನ್ನೇ ಬೆಲೆಯ ಷರತ್ತುಗಳು ಎಂದು ಕರೆದರು. ಹೀಗಿದ್ದರೆ ಮಾತ್ರ ನಿನಗೆ ಪ್ರೀತಿ ಎಂದು ಹೊರಗಿನವರು ಹಾಕಿದ ಷರತ್ತು ಕ್ರಮೇಣ ಮಗುವಿನ ಒಳಗಿನ ಅಳತೆಗೋಲಾಗಿ ಕೂತುಬಿಡುತ್ತದೆ. ನಮ್ಮಲ್ಲಿ ಇದಕ್ಕೆ ಇನ್ನೂ ಚಿಕ್ಕ ಮಾತಿದೆ, ಹಂಗು. ಹಂಗಿನ ಅನ್ನ ಉಂಡವನಿಗೆ ತಟ್ಟೆಯಲ್ಲಿ ಏನಿದೆ ಎನ್ನುವುದಕ್ಕಿಂತ ಬಡಿಸುವವರ ಮುಖ ಹೇಗಿದೆ ಎನ್ನುವುದೇ ಮುಖ್ಯ.

ನಿಮ್ಮ ತಂಗಿಯ ಕರ್ಣನ ಮಾತಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಹೋಲಿಕೆ ಅರ್ಧ ಸರಿ. ಕರ್ಣನಿಗೆ ರಾಧೆ ಇದ್ದಳು, ಮನೆಯಿತ್ತು. ಅವನು ಮಗನಾಗಿಯೇ ಬೆಳೆದ. ಅವಮಾನ ಬಂದದ್ದು ಹೊರಗಿನಿಂದ, ತುಂಬಿದ ರಂಗದಲ್ಲಿ. ಹುಟ್ಟಿನ ಗುಟ್ಟು ತಿಳಿಯುವ ಹೊತ್ತಿಗೆ ಯುದ್ಧ ಬಾಗಿಲಿಗೆ ಬಂದಿತ್ತು. ಫಿಟ್ಜ್ ವಿಷಯದಲ್ಲಿ ಗುಟ್ಟೇ ಇಲ್ಲ, ಅಪ್ಪನ ಮುಖವನ್ನೇ ಹೊತ್ತುಕೊಂಡು ಓಡಾಡುತ್ತಾನೆ. ಆದರೆ ಆ ಪಿನ್ನನ್ನು ಅಂಗರಾಜ್ಯದ ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿ ತಂಗಿ ಹೇಳಿದ್ದು ಪೂರ್ತಿ ಸರಿ. ಯಾರೂ ಕೊಡದ ಜಾಗವನ್ನು ಒಬ್ಬ ಕೊಟ್ಟ, ಆ ಉಪ್ಪಿನ ಋಣಕ್ಕೆ ಜೀವವೇ ಹೋಯಿತು.

ಈಗ ಚೇಡ್. ಗೋಡೆಯ ಒಳದಾರಿಯಲ್ಲಿ ಬದುಕುವ, ಮುಖದ ತುಂಬ ಕಲೆಗಳಿರುವ ಮುದುಕ. ರಾಜನ ಮಲಸೋದರ, ಅವನೂ ಮದುವೆಯ ಹೊರಗೆ ಹುಟ್ಟಿದವನೇ. ರಾತ್ರಿ ಹೊತ್ತು ಹುಡುಗನಿಗೆ ವಿಷ, ಕಳ್ಳತನ, ಕೊಲೆಯ ವಿದ್ಯೆ ಕಲಿಸುತ್ತಾನೆ. ಹುಡುಗನಿಗೆ ಅವನೆಂದರೆ ಪ್ರಾಣ. ಒಂದು ರಾತ್ರಿ ಚೇಡ್ ತಮಾಷೆಗೆ ಎಂಬಂತೆ ರಾಜನ ಕೋಣೆಯಿಂದ ಏನಾದರೂ ಕದ್ದು ತಾ ಎನ್ನುತ್ತಾನೆ. ಹುಡುಗ ಒಪ್ಪುವುದಿಲ್ಲ. ರಾಜನಿಗೆ ಮಾತು ಕೊಟ್ಟಿದ್ದೇನೆ ಎನ್ನುತ್ತಾನೆ. ಚೇಡ್ ಮುಖ ತಿರುಗಿಸಿಬಿಡುತ್ತಾನೆ, ಪಾಠ ನಿಲ್ಲುತ್ತದೆ. ಹುಡುಗ ಒಳಗೊಳಗೇ ಬಾಡಿಹೋಗುತ್ತಾನೆ. ಕೊನೆಗೆ ಗೊತ್ತಾಗುವುದೇನು? ಅದು ಅವನ ನಿಷ್ಠೆಯ ಪರೀಕ್ಷೆ, ರಾಜನ ಅಪ್ಪಣೆ. ಗೆದ್ದ, ಸರಿ. ಆದರೆ ಪ್ರೀತಿಯನ್ನು ನಲ್ಲಿಯ ಹಾಗೆ ತಿರುಗಿಸಿ ನಿಲ್ಲಿಸಬಹುದು ಎನ್ನುವುದನ್ನೂ ಕಲಿತ. ಈ ಅಧ್ಯಾಯವನ್ನು ನಾನು ಎಷ್ಟು ಸಲ ಓದಿದ್ದೇನೋ, ಪ್ರತಿ ಸಲವೂ ಚೇಡ್ ಮೇಲೆ ಸಿಟ್ಟು ಬರುತ್ತದೆ. ಅವನೂ ಅದೇ ಗಾಣದಲ್ಲಿ ಅರೆದು ಬಂದವನು ಎನ್ನುವುದು ನಿಧಾನಕ್ಕೆ ನೆನಪಾಗುತ್ತದೆ.

ನೀವು ಕೇಳಿದ 'ಇಷ್ಟು ಪ್ರೀತಿ ಇದ್ದರೂ ಯಾಕೆ ಕಾಣಲ್ಲ' ಎನ್ನುವುದಕ್ಕೆ ಒಳ್ಳೆಯ ಉತ್ತರ ಇರುವುದು ನೋಸಿಯ ಕಥೆಯಲ್ಲಿ. ಫಿಟ್ಜ್‌ಗೆ ಪ್ರಾಣಿಗಳ ಮನಸ್ಸಿನ ಜೊತೆ ಬೆಸೆದುಕೊಳ್ಳುವ ಶಕ್ತಿ ಇದೆ. ಅದರ ಹೆಸರು ವಿಟ್. ಆ ರಾಜ್ಯದಲ್ಲಿ ಅದು ಹೇಸಿಗೆಯ ವಿಷಯ, ಸಿಕ್ಕಿಬಿದ್ದರೆ ಕೊಂದು ಸುಡುತ್ತಾರೆ. ಅಪ್ಪನ ಕಡೆಯಿಂದ ಬರುವ ಗೌರವದ ಶಕ್ತಿ ಸ್ಕಿಲ್, ಅಂದರೆ ಬೇರೆ ಮನುಷ್ಯರ ಮನಸ್ಸನ್ನು ಮುಟ್ಟುವ ವಿದ್ಯೆ. ಅದು ಇವನಿಗೆ ಸರಿಯಾಗಿ ಕೈಗೆ ಹತ್ತುವುದಿಲ್ಲ. ಯಾವುದು ಸಲೀಸಾಗಿ ಬರುತ್ತದೋ ಅದು ಅಪರಾಧ, ಯಾವುದು ಬರಬೇಕಿತ್ತೋ ಅದು ಬರುವುದಿಲ್ಲ. ಹುಡುಗ ನೋಸಿಯ ಜೊತೆ ಬೆಸೆದುಕೊಂಡದ್ದು ಬರಿಚ್‌ಗೆ ಗೊತ್ತಾಗುತ್ತದೆ. ಅವನು ನಡುಗಿಹೋಗುತ್ತಾನೆ, ನಾಯಿಮರಿಯನ್ನು ಎತ್ತಿಕೊಂಡು ಹೊರಗೆ ಹೋಗುತ್ತಾನೆ. ಬೆಸುಗೆ ಪಟ್ಟನೆ ಕಡಿದುಹೋಗುತ್ತದೆ. ಬರಿಚ್ ಅದನ್ನು ಕೊಂದ ಎಂದೇ ಹುಡುಗ ತಿಳಿಯುತ್ತಾನೆ. ಒಂದು ಮಾತೂ ಕೇಳುವುದಿಲ್ಲ. ಅದೇ ಮನುಷ್ಯನ ನೆರಳಿನಲ್ಲಿ, ಅವನಿಗೆ ಹೆದರುತ್ತಾ, ವರ್ಷಗಟ್ಟಲೆ ಬೆಳೆಯುತ್ತಾನೆ.

ಪುಸ್ತಕದ ಕೊನೆಯ ಭಾಗದಲ್ಲಿ, ದೂರದ ಬೆಟ್ಟದ ರಾಜ್ಯದಲ್ಲಿ, ಒಂದು ಮುದಿ ನಾಯಿ ಸಿಗುತ್ತದೆ. ನೋಸಿಯೇ! ಬರಿಚ್ ಅದನ್ನು ಕೊಂದಿರಲಿಲ್ಲ, ಒಳ್ಳೆಯ ಮನೆಗೆ ಕಳಿಸಿದ್ದ. ಹುಡುಗ ಕೇಳಲಿಲ್ಲ, ಬರಿಚ್ ಹೇಳಲಿಲ್ಲ. ಎಷ್ಟೋ ವರ್ಷ ಫಿಟ್ಜ್ ಒಂದು ತಪ್ಪು ಲೆಕ್ಕದ ಮೇಲೆ ಬದುಕಿದ್ದ. ಪ್ರೀತಿ ಅಲ್ಲೇ ಇತ್ತು, ಇವನ ಖಾತೆಗೆ ಜಮಾ ಆಗಿರಲಿಲ್ಲ ಅಷ್ಟೇ.

ಬರಿಚ್‌ನ ತೊಂದರೆ ಏನೆಂದರೆ ಅವನಿಗೆ ಗೊತ್ತಿರುವುದು ಲಾಯದ ಭಾಷೆ. ಮೈ ನೋಡುತ್ತಾನೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾನೆ, ಸರಿಯಾಗಿ ಊಟ ಮಾಡಿದೆಯಾ ಎಂದು ಗದರುತ್ತಾನೆ. ಕುದುರೆಗೂ ಹಾಗೇ, ಹುಡುಗನಿಗೂ ಹಾಗೇ. ಸ್ಕಿಲ್ ಕಲಿಸುವ ಗೇಲನ್ ಎಂಬ ಕ್ರೂರಿ ಹುಡುಗನನ್ನು ಗೋಪುರದ ಮೇಲೆ ಹೊಡೆದು, ಅವನ ಮನಸ್ಸಿನೊಳಗೆ ನುಗ್ಗಿ, ನೀನು ಯಾತಕ್ಕೂ ಬಾರದವನು ಎನ್ನುವುದನ್ನು ಅಲ್ಲಿ ತುರುಕಿ ಹೋಗುತ್ತಾನೆ. ಹುಡುಗ ತೆವಳುತ್ತಾ ಗೋಪುರದ ಅಂಚಿಗೆ ಹೋಗುತ್ತಾನೆ. ಅವನನ್ನು ತಡೆದು ಹಿಡಿಯುವುದು ಕೆಳಗೆಲ್ಲೋ ಇರುವ ಇನ್ನೊಂದು ನಾಯಿಮರಿ, ಸ್ಮಿದಿ. ಅದರ ಪ್ರೀತಿ ವಿಟ್ ಮೂಲಕ ಬಂದು ಮುಟ್ಟುತ್ತದೆ. ಮೇಲೆ ಬಂದು ಎತ್ತಿಕೊಂಡು ಹೋಗುವವನು ಬರಿಚ್. ಆಮೇಲೆ ಸಾಕ್ಷಿಕಲ್ಲುಗಳ ಮುಂದೆ ಗೇಲನ್‌ನನ್ನು ಕರೆಸಿ ಚೆನ್ನಾಗಿ ಬಾರಿಸುವವನೂ ಬರಿಚ್. ಊರೆಲ್ಲ ನೋಡಿತು. ಇದಕ್ಕಿಂತ ಜೋರಾಗಿ 'ಇವನು ನಮ್ಮ ಹುಡುಗ' ಎಂದು ಹೇಳಲು ಸಾಧ್ಯವೇ? ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಫಿಟ್ಜ್ ಕಾಯುತ್ತಿದ್ದದ್ದು ಮಾತಿಗೆ.

ಒಂದು ವಿಷಯ ಇಲ್ಲಿ ಬೇರೆ ಮಾಡಿಕೊಳ್ಳಬೇಕು. ಫಿಟ್ಜ್‌ನ ಕೀಳರಿಮೆಯೆಲ್ಲ ಅವನ ಸ್ವಭಾವವಲ್ಲ. ಅದರಲ್ಲಿ ಒಂದು ಪಾಲು ಗೇಲನ್ ಇಟ್ಟು ಹೋದದ್ದು. ಬೇರೆಯವರ ಮಾತು ನಮ್ಮದೇ ದನಿಯಲ್ಲಿ ಒಳಗೆ ಕೇಳುವುದು ನಿಜ ಬದುಕಿನಲ್ಲೂ ಉಂಟು. ಫ್ಯಾಂಟಸಿಯಲ್ಲಿ ಅದನ್ನು ಅಕ್ಷರಶಃ ಮಂತ್ರವಾಗಿ ತೋರಿಸಬಹುದು. ಈ ಪ್ರಕಾರದ ಸುಖವೇ ಅದು.

ಇದೇ ಜಾತಿಯ ಇನ್ನೊಂದು ಚಮತ್ಕಾರ ಎಷ್ಟೋ ಓದುಗರ ಕಣ್ಣು ತಪ್ಪಿಸುತ್ತದೆ. ಕೆಂಪು ಹಡಗಿನ ದಾಳಿಕೋರರು ಜನರನ್ನು ಹಿಡಿದುಕೊಂಡು ಹೋಗಿ, ಅವರೊಳಗಿನ ಮನುಷ್ಯತ್ವ ಕಿತ್ತು ವಾಪಸ್ ಬಿಡುತ್ತಾರಲ್ಲ, ಫೋರ್ಜ್ ಆದವರು? ಹೆತ್ತ ತಾಯಿಗೆ ಮಗುವಿನ ಮೇಲೆ ಏನೂ ಅನ್ನಿಸದ ಸ್ಥಿತಿ ಅದು. ವಿಟ್ ಇರುವವನಿಗೆ ಪ್ರತಿಯೊಂದು ಜೀವವೂ ಒಂದು ಎಳೆಯ ಹಾಗೆ ತಾಗುತ್ತದೆ. ಫೋರ್ಜ್ ಆದವರಲ್ಲಿ ಆ ಎಳೆ ಇಲ್ಲ, ಪೂರ್ತಿ ಖಾಲಿ. ಆ ಖಾಲಿತನ ಕಂಡು ಬೆಚ್ಚಿಬೀಳುವವನು ಯಾರು? ತನಗೆ ಯಾರೂ ಇಲ್ಲ ಎಂದು ದಿನಾ ಕೊರಗುವ ಫಿಟ್ಜ್. ನಂಟೇ ಇಲ್ಲದವರು ಹೇಗಿರುತ್ತಾರೆ ಎನ್ನುವುದು ಅವನ ಕಣ್ಣೆದುರಿಗಿದೆ. ತಾನು ಹಾಗಿಲ್ಲ ಎನ್ನುವುದಕ್ಕೆ ಆ ಬೆಚ್ಚಿಬೀಳುವುದೇ ಸಾಕ್ಷಿ. ಅವನಿಗೆ ಅದು ಹೊಳೆಯುವುದಿಲ್ಲ. ಲೇಖಕಿಯೂ ಬಾಯಿ ಬಿಡುವುದಿಲ್ಲ, ಪುಣ್ಯ.

ಹಾಗಾದರೆ ಅವನ ಲೆಕ್ಕ ಎಲ್ಲೂ ಸರಿಹೋಗುವುದೇ ಇಲ್ಲವೇ? ಒಂದು ಕಡೆ ಹೋಗುತ್ತದೆ. ಎರಡನೇ ಪುಸ್ತಕದಲ್ಲಿ ಪಂಜರದಲ್ಲಿದ್ದ ತೋಳದ ಮರಿಯೊಂದನ್ನು ಕೊಂಡು ತರುತ್ತಾನೆ. ಗುಣ ಮಾಡಿ ಕಾಡಿಗೆ ಬಿಡಬೇಕು, ಈ ಸಲ ಬೆಸೆದುಕೊಳ್ಳಬಾರದು ಅಂದುಕೊಂಡಿರುತ್ತಾನೆ. ತೋಳ ಕೇಳಬೇಕಲ್ಲ. ನೈಟ್‌ಐಸ್‌ಗೆ ರಾಜವಂಶ ಗೊತ್ತಿಲ್ಲ, ಮದುವೆ ಗೊತ್ತಿಲ್ಲ, ಪಿನ್ನು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹಿಂಡು. ಜೊತೆಗಿದ್ದರೆ ಹಿಂಡು, ಅಷ್ಟೇ. ಫಿಟ್ಜ್‌ನ ಬದುಕಿನಲ್ಲಿ ಎಲ್ಲರಿಗೂ ಅವನಿಂದ ಏನೋ ಆಗಬೇಕಿದೆ. ರಾಜನಿಗೆ ಕತ್ತಿ ಬೇಕು, ಪೇಶನ್ಸ್‌ಗೆ ಸತ್ತ ಗಂಡನ ಗುರುತು ಬೇಕು, ಅಷ್ಟು ಪ್ರೀತಿಸುವ ಆಸ್ಥಾನದ ವಿದೂಷಕ ಫೂಲ್‌ಗೂ ಲೋಕದ ದಾರಿ ಬದಲಿಸುವವನು ಬೇಕು. ತೋಳಕ್ಕೆ ಮಾತ್ರ ಇವನು ಸುಮ್ನೆ ಬೇಕು. ಸಾವಿರಾರು ಓದುಗರು ಮನುಷ್ಯ ಪಾತ್ರಗಳಿಗಿಂತ ಆ ತೋಳವನ್ನು ಜಾಸ್ತಿ ಹಚ್ಚಿಕೊಂಡದ್ದು ಈ ಕಾರಣಕ್ಕೇ ಎಂದು ನನ್ನ ಅನಿಸಿಕೆ.

ಹಾಗಂತ ಹಾಬ್ ಎಲ್ಲ ಕಡೆ ಗೆದ್ದಿದ್ದಾರೆ ಎನ್ನುವುದಿಲ್ಲ. ಮೂರನೇ ಪುಸ್ತಕದ ಪ್ರಯಾಣ ಉದ್ದವಾಯಿತು. ಅಲ್ಲಿ ಫಿಟ್ಜ್ ಒಂದೇ ಕೊರಗನ್ನು ಹತ್ತು ಸಲ ತಿರುವಿ ಹಾಕುತ್ತಾನೆ. ಅಷ್ಟರ ಮಟ್ಟಿಗೆ ನಿಮ್ಮ ದೂರು ನ್ಯಾಯವೇ.

ಈಗ ನಿಮ್ಮ ಹುಡುಗನ ವಿಷಯ. 'ಗೋಳಾಡ್ತಾನೆ' ಎಂದು ಓದುಗರು ಹೇಳುವುದು ಅವನ ದುಃಖ ಜಾಸ್ತಿ ಆದಾಗ ಅಲ್ಲ, ಆ ದುಃಖಕ್ಕೆ ನೀವು ಮೊದಲೇ ಹೆಸರಿಟ್ಟುಬಿಟ್ಟಾಗ. 'ತಾನು ಯಾರಿಗೂ ಬೇಡ ಎನಿಸಿತು' ಎಂದು ಬರೆದ ಕೂಡಲೇ ಓದುಗರಿಗೆ ಮಾಡಲು ಏನೂ ಉಳಿಯುವುದಿಲ್ಲ. ಕರಡಿನಲ್ಲಿ ಅಂಥ ವಾಕ್ಯಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ. ಇಡೀ ಪುಸ್ತಕಕ್ಕೆ ಒಂದೋ ಎರಡೋ ಉಳಿದರೆ ಸಾಕು.

ಅವುಗಳ ಜಾಗದಲ್ಲಿ ಏನು ಬರಬೇಕು ಅಂತೀರಾ? ಹಂಗಿನಲ್ಲಿ ಬೆಳೆದ ಮಗು ಕೊರಗುತ್ತಾ ಕೂರುವುದಿಲ್ಲ, ಲೆಕ್ಕ ಹಾಕುತ್ತದೆ. ಅವನ ಕೈಗೆ ಲೆಕ್ಕ ಕೊಡಿ. ಅತ್ತೆಯ ಮಕ್ಕಳು ಎಷ್ಟು ರೊಟ್ಟಿ ತಿಂದರು ಎಂದು ನೋಡಿಕೊಂಡು ಅದಕ್ಕಿಂತ ಒಂದು ಕಡಿಮೆ ತಿನ್ನಲಿ. ಇನ್ನೊಂದು ಹಾಕಲಾ ಎಂದರೆ 'ಹೊಟ್ಟೆ ತುಂಬಿತು ಅತ್ತೆ' ಎನ್ನಲಿ. ಎಲ್ಲರಿಗಿಂತ ಮೊದಲು ಎದ್ದು ನೀರು ಸೇದಿಡಲಿ. ಜ್ವರ ಬಂದ ದಿನ ಮಲಗುವ ಬದಲು ಸೌದೆ ಒಡೆಯಲಿ. ಯಾಕೆ ಎಂದು ಅವನಿಗೂ ಗೊತ್ತಿರಬಾರದು.

ಪ್ರೀತಿಯನ್ನೂ ಹೀಗೆಯೇ ಇಡಿ. ಓದುಗರಿಗೆ ಕಾಣಬೇಕು, ಅವನಿಗೆ ಕಾಣಬಾರದು. ಉದಾಹರಣೆಗೆ, ಹುಡುಗ ಹೊಟ್ಟೆ ತುಂಬದೆ ಏಳುತ್ತಾನೆ ಎನ್ನುವುದು ಅತ್ತೆಗೆ ಗೊತ್ತು. ಬಾಯಿ ಬಿಟ್ಟು ಹೇಳುವ ಹೆಂಗಸಲ್ಲ ಅವಳು. ರಾತ್ರಿ ಒಲೆಯ ಪಕ್ಕ, ಬುಟ್ಟಿಯ ಕೆಳಗೆ, ಎರಡು ರೊಟ್ಟಿ ಮುಚ್ಚಿಟ್ಟು ಮಲಗುತ್ತಾಳೆ. ಮೇಲೆ ಒಂದು ಚೂರು ಬೆಲ್ಲ. ನಸುಕಿನಲ್ಲಿ ಹುಡುಗ ಎದ್ದು ಬುಟ್ಟಿ ಎತ್ತುತ್ತಾನೆ. ಮಿಕ್ಕಿದ ರೊಟ್ಟಿ, ನಾಯಿಗೆ ಇಟ್ಟಿರಬೇಕು ಅಂದುಕೊಳ್ಳುತ್ತಾನೆ. ಹಸಿದ ಹೊಟ್ಟೆಯಲ್ಲಿ ಹಿತ್ತಲಿಗೆ ಹೋಗಿ, ಎರಡೂ ರೊಟ್ಟಿ ನಾಯಿಗೆ ಹಾಕಿ, ಬೆಲ್ಲದ ಚೂರನ್ನು ತಂದು ಡಬ್ಬಿಯಲ್ಲಿ ವಾಪಸ್ ಇಡುತ್ತಾನೆ. ಬೆಳಿಗ್ಗೆ ಅತ್ತೆ ಖಾಲಿ ಬುಟ್ಟಿ ನೋಡಿ, ಏನೂ ಹೇಳದೆ, ಆ ರಾತ್ರಿ ಮೂರು ರೊಟ್ಟಿ ಇಡುತ್ತಾಳೆ.